ಹುಡುಗೂರು ‘ಸಿಕ್ಸ್ ಸೆವೆನ್’ ಅಂತ ಯಾಕ ಒದರತಾವ? ಎಲ್ಲಿಂದ ಬಂತಿದು?

ಜಮಖಂಡಿ ಕಿರಾಣಿ:
ನಮಸ್ಕಾರ್ರೀ ಎಲ್ಲಾರಿಗೂ. ಜಮಖಂಡ್ಯಾಗ ನಂದೊಂದು ಕಿರಾಣಿ ಅಂಗಡಿ ಐತಿ. ಮೊನ್ನೆ ಸಾಲಿ ಬಿಟ್ಟ ಮ್ಯಾಲ ಮೂರು ಹುಡುಗೂರು ಬಂದು ಅವಲಕ್ಕಿ, ಬಿಸ್ಕೀಟ ತಗೊಂಡ್ವು. ಲೆಕ್ಕಾ ಮಾಡಿ ‘ಸಿಕ್ಸ್ಟಿ ಸೆವೆನ್ ಆತು ನೋಡ್ರಪಾ’ ಅಂದೆ. ಅಷ್ಟಕ್ಕ ಮೂರೂ ಕೂಡೇ ‘ಸಿಕ್ಸ್ ಸೆವೆನ್’ ಅಂತ ಒದರಿ, ಎರಡೂ ಅಂಗೈ ಮ್ಯಾಲಕ್ಕ ಮಾಡಿ, ತಕ್ಕಡಿ ತೂಗಿದಂಗ ಒಂದು ಮ್ಯಾಲ ಒಂದು ಕೆಳಗ ಆಡಿಸಾಕ ಹತ್ತಿದ್ವು. ಹಂಗಂದ್ರ ಏನ್ರೋ ಅಂದ್ರ, ‘ಏನಿಲ್ಲ ಕಾಕಾ, ಸ್ಕಿಬಿಡಿ’ ಅಂತಂದು ಓಡಿದ್ವು. ಐದನೇ ಇಯತ್ತೆ ಓದೂ ನನ್ನ ಮಗಳೂ ಈಗ ಇದನ್ನ ಹಿಡಿದಾಳ. ಸಾಲ್ಯಾಗ ಇದಕ್ಕ ಬೈಸ್ಕೊಂಡು ಬಂದು ಸಪ್ಪಗ ಕುಂತಿದ್ಲು, ನೋಡಿ ಕಳ್ಳ ಚುರ್ ಅಂತು. ಹೊಲಸ ಮಾತೇನರ ಐತೇನ್ರೀ? ಬಿಡಸ್ಲೋ, ಬ್ಯಾಡೋ?

ಟಿಳಕವಾಡಿ ಹುಡುಗ:
ಹೊಲಸ ಏನೂ ಇಲ್ರಿ ಕಾಕಾ. ಸ್ಕ್ರಿಲ್ಲಾ ಅಂತ ಅಮೇರಿಕಾದ ಒಬ್ಬ ರ‍್ಯಾಪರ್ ಅದಾನ, 2024ರ ಕೊನೀಗೆ ಬಂದ ಅವನ ಹಾಡಿನ್ಯಾಗಿಂದು ಅದು. ಲಮೆಲೋ ಬಾಲ್ ಅನ್ನೂ ಬಾಸ್ಕೆಟ್‌ಬಾಲ್ ಆಟಗಾರನ ವಿಡಿಯೋಕ್ಕ ಆ ಹಾಡು ಹಚ್ಚಿದ್ರು, ಯಾಕಂದ್ರ ಅವನ ಎತ್ತರ 6 ಅಡಿ 7 ಇಂಚು. ಅಲ್ಲಿಂದ ಹಬ್ಬಿದ್ದು ಎಷ್ಟಂದ್ರ, ಡಿಕ್ಷನರಿ ಡಾಟ್ ಕಾಮ್‌ನವ್ರು 2025ರ ವರ್ಷದ ಪದ ಅಂತ ಅದನ್ನ ಆರಿಸಿದ್ರು.

ಸ್ಕಿಬಿಡಿ ಬಂದಿದ್ದು 2023ರಾಗ ಯೂಟ್ಯೂಬ್‌ನ್ಯಾಗ ಸುರು ಆದ ‘ಸ್ಕಿಬಿಡಿ ಟಾಯ್ಲೆಟ್’ ಅನ್ನೂ ಅನಿಮೇಷನ್‌ನಿಂದ. ಕಮೋಡ್‌ನ್ಯಾಗಿಂದ ತಲಿ ಎದ್ದು ಹಾಡ್ತಾವ, ಕ್ಯಾಮೆರಾ ತಲಿ ಇದ್ದವ್ರ ಜೋಡಿ ಜಗಳಾ ಆಡ್ತಾವ. ಆ ಪದ ಈಗ ಕೇಂಬ್ರಿಜ್ ನಿಘಂಟಿನ್ಯಾಗೂ ಐತಿ. ಚಲೋದಕ್ಕೂ ಅಂತಾರ, ಕೆಟ್ಟದ್ದಕ್ಕೂ ಅಂತಾರ, ಸುಮ್ನೂ ಅಂತಾರ.

ಕೃಷ್ಣಾ ದಂಡಿ:
ನಮ್ಮ ಕಾಗವಾಡನೂ ನೆನಸ್ರಿ! 2019ರ ಉಪಚುನಾವಣ್ಯಾಗ ಸಿದ್ದರಾಮಯ್ಯನವರು ಇಂದಿರಾ ಗಾಂಧಿ ಹೆಸರ ತಗೊಂಡು ಭಾಷಣಾ ಮಾಡೂಮುಂದ ಮಂದ್ಯಾಗಿಂದ ಒಬ್ಬಾಂವ ‘ಹೌದು ಹುಲಿಯಾ’ ಅಂತ ಕೂಗಿದ. ಟಿಕ್‌ಟಾಕ್, ಡಿಜೆ ಹಾಡು, ಲಗ್ನದ ಮೆರವಣಿಗಿ, ಎಲ್ಲಾ ಕಡೆ ಅದ ಆತು. ಬೆಂಗಳೂರಿನವ್ರೂ ಅಂದ್ರು.

ಹಲಸಂಗಿ ಕಡೆಯಾಕಿ:
ತಮ್ಮಾ, ನಾ ಸಾಲಿ ಕಲಿಸಿ ರಿಟೈರ್ ಆದಾಕಿ, ಈಗ ವಿಜಯಪುರದಾಗ ಅದೀನಿ. ಮಗಳಿಗೆ ಬಿಡಸಬ್ಯಾಡ. ಅರ್ಥ ಇಲ್ಲದ ಮಾತು ನಮ್ಮ ನೆಲದಾಗ ಹೊಸಾದಲ್ಲ. ನಿಮ್ಮ ಅಂಗಡಿ ಅವಲಕ್ಕಿನ ತಗೋ. ‘ಅವಲಕ್ಕಿ ಪವಲಕ್ಕಿ ಕಾಂಚಣ ಮಿಣಮಿಣ ಡಾಂ ಡೂಂ’ ಅಂತ ನೆಲದ ಮ್ಯಾಲ ಅಂಗೈ ಊರಿ ನಾವೆಲ್ಲಾ ಆಡಿಲ್ಲೇನು? ಪವಲಕ್ಕಿ ಅಂದ್ರೇನು ಅಂತ ಯಾರೂ ಕೇಳಲಿಲ್ಲ. ಹಿಂದಿ ಸಿನಿಮಾದವ್ರೂ ಇಂಥಾದನ್ನ ಬಿಡಲಿಲ್ಲ, 1957ರ ‘ಆಶಾ’ದಾಗ ಕಿಶೋರ್ ಕುಮಾರ್ ‘ಈನಾ ಮೀನಾ ಡೀಕಾ’ ಹಾಡಿದ್ದು ಇನ್ನೂ ಮಂದಿ ಬಾಯಾಗ ಐತಿ.

ನಮ್ಮ ಗೀಗೀ ಪದ ನೋಡು. ನಮ್ಮ ದೊಡ್ಡಪ್ಪ ಮ್ಯಾಳದಾಗ ತುಂತುಣಿ ಬಾರಸ್ತಿದ್ದ. ಮುಂದಿನಾಂವ ದಪ್ಪು ಬಡದು ಒಂದು ನುಡಿ ಹೇಳಿ ಮುಗಿಸೂದ ತಡ, ಹಿಂದಿನವ್ರು ‘ಗೀಯ ಗೀಯ ಗಾ’ ಅಂತ ಎತ್ತತಿದ್ರು. ದೊಡ್ಡಪ್ಪ ಕಣ್ಣ ಮುಚ್ಚಿ, ಕುತಿಗಿ ಒಂದೀಟು ಓರೆ ಮಾಡಿ, ತಂತಿ ಮೀಟಕೋಂತ ಆ ಗೀ ಅನ್ನೂದನ್ನ ಎಳೀತಿದ್ದ. ಹಾಡಾಂವಗ ಉಸರ ತಗೊಳ್ಳಾಕ, ಮುಂದಿನ ನುಡಿ ನೆನಸಾಕ ಅದ ಹೊತ್ತು. ಹರದೇಶಿ–ನಾಗೇಶಿ ವಾದದಾಗ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ಸವಾಲು ಬಿದ್ದಾಗ, ಆ ಹೊತ್ತಿನ್ಯಾಗ ಜವಾಬು ಹುಟ್ಟತಿತ್ತು. ಕೂತ ಮಂದೀನೂ ದನಿ ಕೂಡಿಸಿ ಹಾಡಿನೊಳಗ ಬರ್ತಿದ್ರು. ಏನೂ ಅರ್ಥ ಇಲ್ಲದ ಆ ಗೀಗೀನ ಇಡೀ ಹಾಡಿಗೆ ಹೆಸರಾತು. ಖಾಜಾಭಾಯಿ ಅಂಥಾ ಲಾವಣಿ ಕವಿ ಹುಟ್ಟಿದ ಊರಿನ ಕಡೆಯಾಕಿ ನಾನು, ಇದನ್ನ ಕಮ್ಮಿ ಅಂತ ಹ್ಯಾಂಗ ಅನ್ಲಿ?

ಸಿಕ್ಸ್ ಸೆವೆನ್‌ನ್ಯಾಗೂ ಅದ ಐತಿ. ಒಬ್ಬಾಂವ ಎತ್ತಿದ್ರ ಉಳಿದವ್ರು ಕೂಡತಾರ. ಆ ಕೂಡೂ ಸುಖಕ್ಕ ಅರ್ಥ ಯಾಕ ಬೇಕು?

ಜಮಖಂಡಿ ಕಿರಾಣಿ:
ಅಕ್ಕಾರ, ಓದಿ ಸಮಾಧಾನ ಆತ್ರಿ. ಸಾಲ್ಯಾಗ ಏನ್ ಹೇಳ್ಲಿ?

ಹಲಸಂಗಿ ಕಡೆಯಾಕಿ:
ಟೀಚರ್‌ಗೆ ಹೋಗಿ ಭೆಟ್ಟಿ ಆಗು, ಇದು ಎಲ್ಲಿಂದ ಬಂತು ಅನ್ನೂದನ್ನ ತಿಳಿಸಿ ಹೇಳು. ಭಾಳ ಮಂದಿಗೆ ಗೊತ್ತಿಲ್ಲದ್ದಕ್ಕ ಸಂಶೆ ಬರ್ತೈತಿ. ಲೆಕ್ಕದಾಗ 67 ಬಂದಾಗ ಇಡೀ ಕ್ಲಾಸಿಗೆ ಒಂದ ಸಲ ಜೋರಲೆ ಅನ್ನಾಕ ಬಿಡ್ರಿ, ಆಮ್ಯಾಲ ಲೆಕ್ಕಾ ಮುಂದುವರಸ್ರಿ ಅನ್ನು. ಮಗ್ಗಿ ಹೇಳಸೂಮುಂದ ನಾನೂ ಹುಡುಗೂರನ್ನ ಹಂಗ ಒದರಾಕ ಬಿಡ್ತಿದ್ದೆ, ಮುಂದ ಇಡೀ ಪಿರಿಯಡ್ ಸುಮ್ಮನ ಕೂಡ್ತಿದ್ವು.