ಪದಚರ್ಚೆ: ಗ್ಯಾಸಿನ ಕಣ ಗೋಡೆಗೆ "ಡಿಕ್ಕಿ"ಯಾ, "ಸಂಘಟ್ಟನೆ"ಯಾ? ಬೋರ್ಡಿಗೆ ಅರ್ಜೆಂಟ್

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಒಂದು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಕನ್ನಡ ಬೋರ್ಡು ಬರೆದು ಕೊಡ್ಲಿಕ್ಕುಂಟು, ಫ್ಲೆಕ್ಸಿನವರು ನಾಳೆ ಮಧ್ಯಾಹ್ನದೊಳಗೆ ಮ್ಯಾಟರ್ ಬೇಕು ಅಂದಿದ್ದಾರೆ. ಮಾಡೆಲ್ ಎಂತ ಅಂದ್ರೆ ಒಂದು ಪಾರದರ್ಶಕ ಡಬ್ಬಿ, ಅಡಿಯಲ್ಲಿ ಮೋಟಾರು, ಒಳಗೆ ಪ್ಲಾಸ್ಟಿಕ್ ಮಣಿ, ಮೇಲೊಂದು ಹಗುರದ ಸಡಿಲ ಮುಚ್ಚಳ. ಸ್ವಿಚ್ ಹಾಕಿದ್ರೆ ಮಣಿಗಳು ಹಾರಿ ಮುಚ್ಚಳಕ್ಕೆ ತಾಗಿ ತಾಗಿ ಅದನ್ನು ಕೆಳಗೆ ಬೀಳ್ಲಿಕ್ಕೆ ಬಿಡುವುದಿಲ್ಲ. ಪಾರ್ಟಿಕಲ್, ರಾಂಡಮ್, ಕೊಲಿಶನ್, ಪ್ರೆಶರ್, ಈ ನಾಲ್ಕಕ್ಕೆ ಪದ ಬೇಕು. ನಾನು ಬರೆದದ್ದು: "ಅನಿಲದ ಅಣುಗಳ ಯಾದೃಚ್ಛಿಕ ಚಲನೆ ಹಾಗೂ ಭಿತ್ತಿಯೊಂದಿಗಿನ ಸಂಘಟ್ಟನೆಯಿಂದ ಒತ್ತಡ ಉಂಟಾಗುತ್ತದೆ." ಏಳನೇ ಕ್ಲಾಸಿನವರು ನಿಂತು ಓದ್ಬೇಕಾದ ಬೋರ್ಡು. ಸುಲಭದ್ದು ಇದ್ರೆ ಹೇಳಿ.

* * *

> ಅನಿಲದ ಅಣುಗಳ ಯಾದೃಚ್ಛಿಕ ಚಲನೆ

ಇಡೀ ಸಾಲಲ್ಲಿ ಕನ್ನಡದ ಹೆಸರುಪದ ಅಂತ ಇರೋದು "ಒತ್ತಡ" ಒಂದೇ. "ಆವಿ" ಅಂತ ನಮ್ಮದೇ ಪದ ಇರುವಾಗ ಅನಿಲ ಎಂತಕ್ಕೆ? "ಆವಿಯ ತುಣುಕುಗಳು ಗೋಡೆಗೆ ಗುದ್ದಿ ಒತ್ತಡ ಹುಟ್ಟುತ್ತದೆ" ಅಂತ ಹಾಕಿ, ಮುಗೀತು. ಭಿತ್ತಿ ಅಂತ ಯಾರ ಮನೆಯಲ್ಲಿ ಹೇಳ್ತಾರೆ?

* * *

ಒತ್ತಡ ಅಂದ್ರೆ ಈಗ ಎಲ್ಲರಿಗೂ ಕೆಲಸದ ಟೆನ್ಶನ್ ಅಂತ ಆಗಿದೆ. ಮಳೆಗಾಲದಲ್ಲಿ ಪೇಪರಿನವರು ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಅಂತ ಬರೀತಾರಲ್ಲ, ಮಲ್ಪೆಯಲ್ಲಿ ಬೋಟಿನವರಿಂದ ಹಿಡಿದು ಮಕ್ಕಳವರೆಗೆ ಗೊತ್ತಿರುವ ಪದ ಅದು. ವಾಯುಭಾರ ಹಾಕಿ.

* * *

ವಾಯುಭಾರ ಬೇಡವೇ ಬೇಡ. ಹವಾಮಾನಕ್ಕೆ ಅದು ಸರಿ, ಯಾಕಂದ್ರೆ ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ನಿಂತ ಗಾಳಿಯ ಕಂಬ ನಿಜವಾಗಿ ಸುಮಾರು ಒಂದು ಕೆಜಿ ತೂಗ್ತದೆ. ಆದ್ರೆ ಮುಚ್ಚಿದ ಡಬ್ಬಿಯೊಳಗಿನ ಗ್ಯಾಸಿನ ತೂಕಕ್ಕೂ ಅದರ ಒತ್ತಡಕ್ಕೂ ಸಂಬಂಧವೇ ಇಲ್ಲ ಅನ್ನುವಷ್ಟು ಕಡಿಮೆ. ಭಾರ ಅಂದ್ರೆ ಕೆಳಗೆ ಎಳೆಯುವುದು. ಇಲ್ಲಿ ಮುಚ್ಚಳ ಮೇಲೆ ನಿಂತಿದೆ ಮಾರಾಯ್ರೆ, ಭಾರ ಅಂತ ಬರೆದ್ರೆ ಮಗು ಎಂತ ತಿಳ್ಕೊಳ್ಬೇಕು?

ಆವಿಯೂ ಆಗ್ಲಿಕ್ಕಿಲ್ಲ. ನೀರಿನ ಆವಿಯನ್ನು ಅಮುಕಿದ್ರೆ ನೀರಾಗ್ತದೆ. ನಮ್ಮ ಸುತ್ತಲಿನ ನೈಟ್ರೋಜನನ್ನು ಎಷ್ಟೇ ಅಮುಕಿ, ಮೈನಸ್ 147 ಡಿಗ್ರಿಗಿಂತ ಕೆಳಗೆ ತಣಿಸದೆ ಅದು ದ್ರವ ಆಗುವುದಿಲ್ಲ. ಈ ವ್ಯತ್ಯಾಸಕ್ಕೇ ವಿಜ್ಞಾನದಲ್ಲಿ ಎರಡು ಪದ ಇರೋದು, ಅಚ್ಚಗನ್ನಡದ ಆಸೆಗೆ ಎರಡನ್ನೂ ಒಂದು ಮಾಡಿದ್ರೆ ಹತ್ತನೇ ಕ್ಲಾಸಿಗೆ ಬಂದಾಗ ಆ ಮಗುವಿಗೇ ಕಷ್ಟ. ಅನಿಲ ಇರಲಿ, ಅಥವಾ ಗ್ಯಾಸ್ ಅಂತಲೇ ಬರೀರಿ, ಸಿಲಿಂಡರಿನ ದೆಸೆಯಿಂದ ಗೊತ್ತಿಲ್ಲದ ಮನೆ ಇಲ್ಲ. ಅಣು ತೆಗೀರಿ. ಪಠ್ಯಪುಸ್ತಕದಲ್ಲಿ ಅಣು ಅಂದ್ರೆ ಮಾಲಿಕ್ಯೂಲ್, ಕೈಗಾ ಅಣುಸ್ಥಾವರ ಅನ್ನುವಾಗ ಅದೇ ಅಣು ಆಟಮ್, ಹೀಲಿಯಮ್ಮಿನಲ್ಲಂತೂ ಒಂಟಿ ಪರಮಾಣುವೇ ಓಡಾಡುವುದು. ಕಣ ಅಂದ್ರೆ ಎಲ್ಲದಕ್ಕೂ ಆಯ್ತು.

ಸಂಘಟ್ಟನೆ ಹಾಕಿದ್ರೆ ಫ್ಲೆಕ್ಸಿನವರು ಟೈಪ್ ಮಾಡುವಾಗ ಒತ್ತಕ್ಷರ ಬಿಟ್ಟು "ಸಂಘಟನೆ" ಮಾಡ್ತಾರೆ, ಕಣಗಳದ್ದೊಂದು ಸಂಘ ಆಗ್ತದೆ. ಡಿಕ್ಕಿಯೂ ಬೇಡ, ಅದು ಅಪಘಾತದ ಸುದ್ದಿಯ ಪದ, ಡಿಕ್ಕಿ ಹೊಡೆದದ್ದು ಜಖಂ ಆಗಿ ಅಲ್ಲೇ ನಿಲ್ತದೆ ಅಂತ ಕೇಳಿಸ್ತದೆ. ಕಣ ನಿಲ್ಲುವುದಿಲ್ಲ, ಪುಟಿದು ವಾಪಸ್ ಹೋಗ್ತದೆ, ಸರಾಸರಿಯಲ್ಲಿ ವೇಗವನ್ನೂ ಕಳ್ಕೊಳ್ಳುವುದಿಲ್ಲ. ಆ ಪುಟಿಯುವಿಕೆ ಇಲ್ಲದಿದ್ರೆ ಡಬ್ಬಿಯೊಳಗಿನ ಗ್ಯಾಸೆಲ್ಲ ಸ್ವಲ್ಪ ಹೊತ್ತಲ್ಲಿ ತಳದಲ್ಲಿ ಬಿದ್ದಿರ್ತಿತ್ತು.

ನನಗೆ ಮುಖ್ಯ ಅನಿಸುವುದು ಹೆಸರುಪದ ಅಲ್ಲ, ಕ್ರಿಯಾಪದ. "ಒತ್ತು" ಕನ್ನಡದಲ್ಲೂ ಉಂಟು, ತುಳುವಿನಲ್ಲಿ ಒತ್ತುನಿ ಅಂತಲೂ ಉಂಟು, ಒತ್ತುಶ್ಯಾವಿಗೆ ಮಾಡುವಾಗ ಹಿಡಿಯನ್ನು ಬಿಡದೆ ಅಮುಕಿ ಹಿಡಿಯುತ್ತೇವಲ್ಲ, ಆ ಎಡೆಬಿಡದ ಬಲವೇ ಆ ಪದದ ಜೀವ. ಒಂದು ಕಣ ಹಾಗೆ ಮಾಡುವುದೇ ಇಲ್ಲ. ಅದು ಬಡೀತದೆ, ಹೋಗ್ತದೆ. ಕೋಣೆಯ ಗಾಳಿಯಲ್ಲಿ ಕಣಗಳ ವೇಗ ಸೆಕೆಂಡಿಗೆ ಸುಮಾರು 500 ಮೀಟರ್, ಒಂದು ಘನ ಸೆಂಟಿಮೀಟರಿನಲ್ಲಿ ಕೋಟಿ ಕೋಟಿ ಲೆಕ್ಕಕ್ಕೂ ಸಿಗದಷ್ಟು ಕಣ, ಹಾಗಾಗಿ ಬಡಿತದ ನಡುವೆ ಬಿಡುವೇ ಕಾಣದೆ ಗೋಡೆಗೆ ಅದೆಲ್ಲ ಸೇರಿ ಒಂದೇ ಒತ್ತು. ಕಣ ಬಡಿಯುತ್ತೆ, ಗ್ಯಾಸ್ ಒತ್ತುತ್ತೆ. ಇದನ್ನು ಬೆರೆಸಿ "ಕಣದ ಒತ್ತಡ" ಅಂತ ಮಾತ್ರ ಬರೀಬೇಡಿ, ಒಂಟಿ ಕಣಕ್ಕೆ ಒತ್ತಡ ಅಂತ ಇಲ್ಲ. ವಿಜ್ಞಾನಿ ಡೇನಿಯಲ್ ಬರ್ನೂಲಿ 1738ರಲ್ಲಿ ಹೇಳಿದ್ದೂ ಇದೇ, ತೂಕ ಹೊತ್ತ ಮುಚ್ಚಳವನ್ನು ಕೆಳಗಿನಿಂದ ಕಣಗಳ ಬಡಿತ ಎತ್ತಿ ಹಿಡೀತದೆ ಅಂತ, ನಿಮ್ಮ ಡಬ್ಬಿ ಹೆಚ್ಚುಕಡಿಮೆ ಅವನದ್ದೇ.

ಯಾದೃಚ್ಛಿಕಕ್ಕೆ "ಗೊತ್ತುಗುರಿಯಿಲ್ಲದೆ" ಸಾಕು.

* * *

ಕಣ ಅಂದ್ರೆ ನಮಗೆ ಭತ್ತ ಬಡಿಯುವ ಕಣ. ನೀವು ಹೇಳುವ ಕಣವೂ ಸಂಸ್ಕೃತದ ಕಡ. ಆವಿ ಪದದ ಅರ್ಥವನ್ನು ನಾವೇ ಹಿಗ್ಗಿಸಿದ್ರೆ ಹಿಗ್ಗುತ್ತದೆ. ಪ್ರತಿ ಸಲ ಎರವಲು ತಂದು ಆಮೇಲೆ ಕನ್ನಡದಲ್ಲಿ ಪದ ಇಲ್ಲ ಅನ್ನುವುದು ಯಾವ ನ್ಯಾಯ?

* * *

ಗ್ಯಾಸ್ ಅನ್ನುವ ಪದವನ್ನೇ ಫಾನ್ ಹೆಲ್ಮಾಂಟ್ ಅನ್ನುವ ರಸಾಯನ ವಿಜ್ಞಾನಿ 17ನೇ ಶತಮಾನದಲ್ಲಿ ಗ್ರೀಕಿನ "ಖಾಓಸ್" ನೋಡಿ ಕಟ್ಟಿದ್ದು. ಇಂಗ್ಲಿಷಿನವರಿಗೂ ಅದು ಎರವಲೇ, ಅವರ ಭಾಷೆ ಬಡವಾಗಲಿಲ್ಲ. ಮಂಗಳೂರಲ್ಲಿ ಕೂತು ಪೋರ್ಚುಗೀಸರಿಂದ ಬಂದ ಚಾವಿಯಲ್ಲಿ ಬಾಗಿಲು ತೆಗೆಯುವವರು ಕಡದ ಮಾತು ಆಡ್ಬಾರದು.

* * *

ಚಾವಿಗೆ ಬೀಗದಕೈ ಅಂತ ಉಂಟು. ಹುಡುಕುವ ಮನಸ್ಸು ಬೇಕು ಅಷ್ಟೆ.

* * *

ಎಲ್ಲರಿಗೂ ಥ್ಯಾಂಕ್ಸ್. ಫೈನಲ್ ಹೀಗೆ ಕಳಿಸ್ಲಾ? "ಗ್ಯಾಸಿನ ಕಣಗಳು ಗೊತ್ತುಗುರಿಯಿಲ್ಲದೆ ಎಲ್ಲ ಕಡೆ ಓಡುತ್ತವೆ. ಗೋಡೆಗೆ ಬಡಿದು ಪುಟಿಯುತ್ತವೆ. ಈ ಬಡಿತಗಳೆಲ್ಲ ಸೇರಿದ್ದೇ ಗ್ಯಾಸಿನ ಒತ್ತಡ. ಬಿಸಿ ಮಾಡಿದರೆ ಕಣಗಳು ಹಿಗ್ಗಿ ಒತ್ತಡ ಹೆಚ್ಚುತ್ತದೆ."

* * *

ಮೊದಲ ಮೂರು ಸಾಲು ಕಣ್ಣುಮುಚ್ಚಿ ಕಳಿಸಿ. ಕೊನೇದ್ರಲ್ಲಿ "ಹಿಗ್ಗಿ" ತೆಗೀಲೇಬೇಕು. ಕಣ ಹಿಗ್ಗುವುದಿಲ್ಲ, ಗಾತ್ರ ಹಾಗೇ ಇರ್ತದೆ, ಓಟ ಜೋರಾಗ್ತದೆ. ಜೋರಾಗಿ ಓಡಿದ್ದು ಗೋಡೆಗೆ ಹೆಚ್ಚು ಸಲವೂ ಬಡೀತದೆ, ಪ್ರತಿ ಸಲ ಬಲವಾಗಿಯೂ ಬಡೀತದೆ. "ಡಬ್ಬಿಯನ್ನು ಮುಚ್ಚಿಟ್ಟು ಬಿಸಿ ಮಾಡಿದರೆ ಕಣಗಳು ಇನ್ನೂ ಜೋರಾಗಿ ಓಡಿ ಬಡಿಯುತ್ತವೆ, ಒತ್ತಡ ಹೆಚ್ಚುತ್ತದೆ" ಅಂತ ಮಾಡಿ. "ಮುಚ್ಚಿಟ್ಟು" ಬಿಡ್ಬೇಡಿ, ಮುಚ್ಚಳ ಸಡಿಲ ಇದ್ರೆ ಅದು ಮೇಲೆ ಏರ್ತದೆ, ಒತ್ತಡ ಅಷ್ಟೇ ಇರ್ತದೆ.