ಪದ ಬೇಕು: 'ಫ್ರಾಂಟಿಯರ್'. ಗಡಿನಾಡು ಅಂದರೆ ಅರ್ಥ ಕೆಡುತ್ತಿದೆ

ದಾವಣಗೆರೆಯಿಂದ, ಕೇಳಿಕೆ:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಶುಕ್ರವಾರದೊಳಗೆ ಬೇಕು. ಬೋರ್ಡು ಬರೆಯುವವರು ಅವತ್ತೇ ಬರುತ್ತಾರೆ.

ನಮ್ಮ ಶಾಲೆಯ ಮಕ್ಕಳು ಚಿತ್ರ, ಬರಹಗಳ ಎರಡು ಗೋಡೆ ತಯಾರು ಮಾಡುತ್ತಿದ್ದಾರೆ. ಒಂದು ಅಮೆರಿಕದ ನಡುಭಾಗದ ಹುಲ್ಲುಬಯಲಿನದು. ಇನ್ನೊಂದು ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲಿನದು, ಅಂದರೆ ಅರಸರ ಕಾಲದಲ್ಲಿ ದನ ಮೇಯಲು ಮೀಸಲಿಟ್ಟ ಹುಲ್ಲುನೆಲದ್ದು. ಜನ ಬಂದು ನೆಲೆಸಿದ ಮೇಲೆ ಹುಲ್ಲು, ಮಣ್ಣು, ಪ್ರಾಣಿ ಏನಾದವು ಅನ್ನುವುದೇ ಎರಡರ ವಿಷಯ. ಇಂಗ್ಲಿಷಿನಲ್ಲಿರುವುದನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ.

'ಗಡಿನಾಡು' ಅಂತ ಬರೆದಿದ್ದೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಓದಿ, "ಮಿಸ್, ಬೆಳಗಾವಿ ಥರಾನಾ?" ಅಂದಳು. ಅವಳ ತಪ್ಪಲ್ಲ. ನಮಗೆ ಗಡಿ ಅಂದರೆ ಆ ಕಡೆ ಒಂದು ಸರ್ಕಾರ, ಈ ಕಡೆ ಒಂದು ಸರ್ಕಾರ. ಅಮೆರಿಕದವರ ಫ್ರಾಂಟಿಯರ್ ಹಾಗಲ್ಲ. ಚದರ ಮೈಲಿಗೆ ಇಬ್ಬರಿಗಿಂತ ಕಡಿಮೆ ಜನ ಇರುವ ಜಾಗ ಎಲ್ಲಿ ಶುರುವಾಗುತ್ತದೋ ಅಲ್ಲಿ ಅವರ ಜನಗಣತಿಯವರು ಎಳೆಯುತ್ತಿದ್ದ ಗೆರೆ ಅದು. ಜನ ಮುಂದೆ ಹೋದ ಹಾಗೆ ಗೆರೆಯೂ ಸರಿಯುತ್ತಿತ್ತು. 1890ರ ಗಣತಿಯಲ್ಲಿ ಇನ್ನು ಹಾಗೆ ಗೆರೆ ಎಳೆಯಲು ಆಗುವುದಿಲ್ಲ ಅಂದುಬಿಟ್ಟರು. ಸರಿಯುವ ಅಂಚಿಗೆ ನಮ್ಮಲ್ಲಿ ಪದ ಇದೆಯಾ?

ಜೊತೆಗೆ ಇನ್ನೊಂದು: 'ಸಾಡ್'. ಹುಲ್ಲಿನ ಬೇರು ಮಣ್ಣನ್ನು ಬಿಗಿಯಾಗಿ ಹಿಡಿದು ಚಾಪೆಯ ಹಾಗೆ ಆಗಿರುತ್ತದಲ್ಲ, ಆ ಮೇಲ್ಪದರ. ಅಲ್ಲಿ ಮರ ಕಡಿಮೆ. ಬಂದವರು ಅದನ್ನೇ ಇಟ್ಟಿಗೆಯಂತೆ ಕೊಯ್ದು ಮನೆ ಕಟ್ಟಿಕೊಂಡರು.

ಹರಿಹರದಿಂದ:

ಫ್ರಾಂಟಿಯರ್ ಅಂತಲೇ ಬರೆಯಿರಿ. ಬಸ್ಸು, ರೈಲು, ಬೋರ್ಡು ಎಲ್ಲಾ ಬಂದಿವೆ, ಇದೊಂದು ಬಂದರೆ ಏನಾಯ್ತು?

ಚಿತ್ರದುರ್ಗದಿಂದ:

ಬಸ್ಸು ಬಂದದ್ದು ಬಸ್ಸಿನ ಜೊತೆ. ವಸ್ತು ಬಂತು, ಹೆಸರೂ ಬಂತು. ಫ್ರಾಂಟಿಯರ್ ಅನ್ನುವುದು ವಸ್ತುವಲ್ಲ, ನೋಟ. ಅದನ್ನು ಹಾಗೇ ತಂದರೆ ಮಕ್ಕಳಿಗೆ ಏನೂ ಸಿಗುವುದಿಲ್ಲ.

'ಗಡಿ' ಬೇಡವೇ ಬೇಡ. ಅದು 'ಕಡೆ' ಪದದ ಬಳಗದ್ದು, ಅದರಲ್ಲಿ ಮುಗಿಯುವ ಅರ್ಥವಿದೆ. ಇಲ್ಲಿ ನಿಮಗೆ ಶುರುವಾಗುವ ಅರ್ಥ ಬೇಕು. 'ಸೀಮೆ'ಯೂ ಬೇಡ. ಮೂಲದಲ್ಲಿ ಎಲ್ಲೆ ಅಂತಲೇ ಇದ್ದರೂ ಈಗ ಬಯಲುಸೀಮೆ ಅಂದರೆ ಪ್ರದೇಶ, ಸೀಮೆಎಣ್ಣೆ ಅಂದರೆ ಹೊರಗಿಂದ ಬಂದದ್ದು. 'ಸೀಮಾಂತ' ಅಂತ ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ: ಅದು ನಿಘಂಟಿನಲ್ಲಿ ಇರಲಿ, ಗೋಡೆಗೆ ಬೇಡ.

ನನ್ನ ಸಲಹೆ 'ಒಕ್ಕಲು'. ಒಕ್ಕಲಾಗು ಅಂದರೆ ಬಂದು ನೆಲೆಸು. ಸೆಟ್ಲರ್ ಅಂದರೆ ಹೊಸ ಒಕ್ಕಲು. ಫ್ರಾಂಟಿಯರ್ ಅಂದರೆ ಒಕ್ಕಲಂಚು.

ಹೊಳಲ್ಕೆರೆಯಿಂದ:

'ಒಕ್ಕಲಂಚು' ಯಾರ ಬಾಯಲ್ಲೂ ಇಲ್ಲ. ಅದು ಪದವಲ್ಲ, ಬೆಸುಗೆ. ಒಕ್ಕಲು ಬಂದಿರುವುದು 'ಒಕ್ಕು' ಧಾತುವಿನಿಂದ, ಕಾಳು ಒಕ್ಕುವುದು, ಕಣದ ಕೆಲಸ. ಅದಕ್ಕೇ ಒಕ್ಕಲಿಗ. ದನ ಕಾಯುವ ಬಯಲಿಗೆ ಕಣದ ಪದ ತಂದರೆ ಹೇಗೆ?

ಚಿತ್ರದುರ್ಗದಿಂದ:

ಹಾಗಾದರೆ 'ಒಕ್ಕಲೆಬ್ಬಿಸು' ಅಂದರೆ ಏನು ಮೇಷ್ಟ್ರೇ? ಕಣದಿಂದ ಎಬ್ಬಿಸುವುದಾ, ಮನೆಯಿಂದ ಎಬ್ಬಿಸುವುದಾ? ಹಳೇ ಮೈಸೂರು ಕಡೆ ಗೃಹಪ್ರವೇಶಕ್ಕೆ 'ಮನೆ ಒಕ್ಕಲು' ಅನ್ನುತ್ತಾರೆ. ಅಲ್ಲಿ ಯಾರೂ ರಾಗಿ ಒಕ್ಕುವುದಿಲ್ಲ. ತಮಿಳಿನಲ್ಲಿ ಒಕ್ಕಲ್ ಅಂದರೆ ಬಂಧುಬಳಗ. ನೆಲೆ, ಮನೆ, ಬಳಗ: ಇದೇ ಮೂಲ ಅರ್ಥ. ಕಾಳು ಒಕ್ಕುವುದು ಬೇರೆ ಪದ. ಕಿವಿಗೆ ಒಂದೇ ಥರ ಕೇಳಿಸುತ್ತದೆ, ಅಷ್ಟೇ.

ಹೊಳಲ್ಕೆರೆಯಿಂದ:

'ಮನೆ ಒಕ್ಕಲು' ಅಲ್ಲಿ ಇರುವುದು ಹೊಕ್ಕಲು. ಪುಗು, ಹೊಗು, ಹೊಕ್ಕು. ಮನೆ ಹೊಗುವುದು. ಹಕಾರ ಬಿದ್ದುಹೋಗಿದೆ. ನಾನು ಇದನ್ನು ಈ ಹಿಂದೆಯೂ ಬರೆದಿದ್ದೇನೆ.

ಚಿತ್ರದುರ್ಗದಿಂದ:

ಬರೆದಿದ್ದೀರಿ. ಆಗಲೂ ಒಪ್ಪಿರಲಿಲ್ಲ.

ಚಳ್ಳಕೆರೆಯಿಂದ:

ಧಾತು ಆಮೇಲೆ ನೋಡೋಣ. ಮಿಸ್ ಕೇಳಿದ ಎರಡನೇ ಪದದ ಬಗ್ಗೆ ಯಾರೂ ಮಾತಾಡಲಿಲ್ಲ. ಅದು ನಾನು ಕಣ್ಣಲ್ಲಿ ಕಂಡಿದ್ದು, ಹೇಳುತ್ತೇನೆ.

ನಮ್ಮ ಹೊಲ ಕಾವಲಿನ ಅಂಚಿಗೇ ಇತ್ತು. ನಾನು ಸಣ್ಣವನಿದ್ದಾಗ ಪಕ್ಕದ ಹುಲ್ಲುನೆಲಕ್ಕೆ ಮೊದಲ ಸಲ ಟ್ರ್ಯಾಕ್ಟರ್ ಬಂತು. ಅಲ್ಲಿಯವರೆಗೆ ಅದಕ್ಕೆ ಯಾರೂ ಮಡಿಕೆ ಹೊಡೆದಿರಲಿಲ್ಲ. ನೇಗಿಲು ಹೋದ ಹಾಗೆ ಹೆಂಟೆಗಳು ತಲೆಕೆಳಗಾಗಿ ಬಿದ್ದವು. ಹುಲ್ಲು ಕೆಳಗೆ, ಬೇರು ಮೇಲೆ. ಒಂದು ಹೆಂಟೆ ಎತ್ತಿ ಜಾಡಿಸಿದೆ, ಮಣ್ಣು ಉದುರಲಿಲ್ಲ. ಬಿಳಿ ಬೇರು ಕೂದಲಿನ ಹಾಗೆ ಒಳಗೆಲ್ಲ ಹೆಣೆದುಕೊಂಡು ಹಿಡಿದಿತ್ತು. ನಮ್ಮಜ್ಜಿ ಅದನ್ನು 'ಬೇರ್‌ಹೆಂಟೆ' ಅಂದರು. ನಿಮ್ಮ ಸಾಡ್ ಅದೇ.

ಎರಡು ವರ್ಷ ಶೇಂಗಾ ಚೆನ್ನಾಗಿ ಬಂತು. ಮೂರನೇ ವರ್ಷ ಹೆಂಟೆಯೇ ಇರಲಿಲ್ಲ, ಎಲ್ಲಾ ಪುಡಿ. ಆಷಾಢದ ಗಾಳಿಗೆ ಕೆಂಪು ಮಸಾರಿ ಮಣ್ಣು ಎದ್ದು ಮನೆಯೊಳಗೆ ಬಂತು. ಜೋಳದ ಹಿಟ್ಟಿನ ಡಬ್ಬಿಯಲ್ಲಿ ಮಣ್ಣು, ಹಾಸಿಗೆಯಲ್ಲಿ ಮಣ್ಣು. ಮಳೆ ಬಂದಾಗ ಉಳಿದದ್ದು ಹಳ್ಳಕ್ಕೆ ಹೋಯಿತು. ಆ ನೆಲದಲ್ಲಿ ಈಗ ಬಳ್ಳಾರಿ ಜಾಲಿ ಇದೆ. ಹಂಚಿಹುಲ್ಲು ವಾಪಸ್ ಬರಲಿಲ್ಲ.

ದಾವಣಗೆರೆಯಿಂದ:

ಸರ್, ನಿಮ್ಮ ಪತ್ರವನ್ನು ತರಗತಿಯಲ್ಲಿ ಓದಿದೆ. ಮಕ್ಕಳು ಸುಮ್ಮನೆ ಕೂತು ಕೇಳಿದರು. ನಮ್ಮ ಇನ್ನೊಂದು ಗೋಡೆಯ ಕಥೆಯೂ ಇದೇ, ಅಳತೆ ಮಾತ್ರ ದೊಡ್ಡದು. ಅಮೆರಿಕದ 1862ರ ಕಾನೂನಿನಲ್ಲಿ ಐದು ವರ್ಷ ಅಲ್ಲೇ ಇದ್ದು ಉತ್ತವರಿಗೆ 160 ಎಕರೆ ಕೊಟ್ಟರು. ಉಕ್ಕಿನ ನೇಗಿಲು ಆ ಹೊತ್ತಿಗೆ ಬಂದಿತ್ತು. ಕೋಟಿಗಟ್ಟಲೆ ಇದ್ದ ಬೈಸನ್ ಅನ್ನುವ ಕಾಡುದನ 1880ರ ದಶಕ ಮುಗಿಯುವಾಗ ಸಾವಿರದ ಆಸುಪಾಸಿಗೆ ಇಳಿದಿತ್ತು. ಗೋಧಿಗೆ ಬೆಲೆ ಬಂದಾಗ ಇನ್ನೂ ಜಾಸ್ತಿ ಹುಲ್ಲು ಉತ್ತರು. 1930ರ ದಶಕದಲ್ಲಿ ಮಳೆ ಕೈಕೊಟ್ಟಿತು, ಹಿಡಿದುಕೊಳ್ಳಲು ಬೇರು ಇರಲಿಲ್ಲ, ಮಣ್ಣೇ ಎದ್ದು ಹೋಯಿತು. 1935ರ ಏಪ್ರಿಲ್ 14ರ ಧೂಳಿಗೆ ಹಗಲೇ ಕತ್ತಲಾಯಿತು.

'ಬೇರುಹೆಂಟೆ' ಅಂತ ಬರೆಯುತ್ತೇನೆ. ಅಜ್ಜಿಯ ಪದ ಗೋಡೆಗೆ ಬರುತ್ತದೆ.

ಬೈಸನ್‌ಗೆ ಕಾಟಿ ಅನ್ನಬಹುದಾ?

ಚಿತ್ರದುರ್ಗದಿಂದ:

ಬೇಡ. ಕಾಟಿ ನಮ್ಮ ಮಲೆನಾಡಿನ ಕಾಡಿನ ಪ್ರಾಣಿ, ಬೇರೆ ಜಾತಿ. ಬೈಸನ್ ಅಂತಲೇ ಇರಲಿ. ಪ್ರಾಣಿಯ ಹೆಸರು ಹೆಸರೇ.

ಹರಿಹರದಿಂದ:

ಅದು ಹಾಗೇ ಬರಬಹುದು, ಫ್ರಾಂಟಿಯರ್ ಬರಬಾರದು. ಇದು ಯಾವ ನ್ಯಾಯ?

ಹೊಳಲ್ಕೆರೆಯಿಂದ:

ಮಿಸ್ ಅವರ ಕರಡಿನಲ್ಲಿ ಇನ್ನೊಂದು ಕಡೆ ಕಾವಲಿಗೆ 'ಖರಾಬು ಜಮೀನು', ಅಂದರೆ ಉಳುಮೆಗೆ ಬಾರದ ನೆಲ, ಅಂತ ನೋಡಿದೆ. ಎರಡೂ ಹೊರಗಿನ ಪದ. ಕನ್ನಡದಲ್ಲಿ 'ಬೀಳು' ಇಲ್ಲವೇ, 'ಪಾಳು' ಇಲ್ಲವೇ? ಮೊದಲು ಅದನ್ನು ತೆಗೆಯಿರಿ.

ಹರಿಹರದಿಂದ:

ಪಹಣಿ ತೆಗೆದು ನೋಡಿ ಮೇಷ್ಟ್ರೇ. ಖರಾಬು, ಹಿಸ್ಸಾ, ಜಮೀನು, ತಾಲ್ಲೂಕು, ಜಿಲ್ಲೆ. ಇವನ್ನೆಲ್ಲ ತೆಗೆದರೆ ರೈತ ತನ್ನ ಹೊಲವನ್ನು ಕಾಗದದಲ್ಲಿ ಹುಡುಕಲು ಆಗುವುದಿಲ್ಲ. ನೂರಾರು ವರ್ಷದಿಂದ ನಮ್ಮ ಬಾಯಲ್ಲಿರುವುದು ನಮ್ಮದೇ.

ಚಳ್ಳಕೆರೆಯಿಂದ:

ಖರಾಬು ತೆಗೆಯಬೇಕು ನಿಜ, ಆದರೆ ಪಾರಸಿಯದು ಅಂತಲ್ಲ, ಸುಳ್ಳು ಅಂತ. ಬೀಳು, ಪಾಳು, ಬಂಜರು ಯಾವುದು ಹಾಕಿದರೂ ಅದೇ ಸುಳ್ಳು. ಪಾಳು ಅಂದರೆ ಯಾರಿಗೂ ಬೇಡವಾದದ್ದು. ಬೀಳು ಅಂದರೆ ಉತ್ತು ಬಿಟ್ಟದ್ದು. ಕಾವಲು ಇವೆರಡೂ ಅಲ್ಲ.

ಕಾವಲು ಅನ್ನುವ ಪದದಲ್ಲೇ ಕಾಯುವುದು ಇದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ, ಅಂದರೆ ಅರಮನೆಯ ದನದ ಇಲಾಖೆಯ ದನ, ಟಿಪ್ಪು ಕಾಲಕ್ಕೆ ಅಮೃತಮಹಲ್ ಆಯಿತು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಅಂತ ದನ ತಿರುಗಿಸಿ ಹುಲ್ಲಿಗೆ ಬಿಡುವು ಕೊಡುತ್ತಿದ್ದರು. ದನ ಸಾಕುವ ಮ್ಯಾಸ ನಾಯಕರ ದೇವರ ಎತ್ತುಗಳು, ಅವನ್ನು ನೋಡಿಕೊಳ್ಳುವ ಕಿಲಾರಿಗಳು, ಗೊಲ್ಲರ ಕುರಿ, ಎಲ್ಲರಿಗೂ ಅಲ್ಲಿ ದಾರಿ ಇತ್ತು. ಇದನ್ನು ಖಾಲಿ ನೆಲ ಅನ್ನುವುದು ಹೇಗೆ? ನಕ್ಷೆಯಲ್ಲಿ ಖಾಲಿ ಅಂತ ಬರೆದ ಮೇಲೆಯೇ ಅಲ್ವಾ ಒಬ್ಬೊಬ್ಬರಾಗಿ ಬಂದು ಬೇಲಿ ಹಾಕಿದ್ದು?

ನಿಮ್ಮ ಅಮೆರಿಕದ ಗೋಡೆಯಲ್ಲೂ ಇದನ್ನು ನೋಡಿಕೊಳ್ಳಿ ಮಿಸ್. ಚದರ ಮೈಲಿಗೆ ಇಬ್ಬರಿಗಿಂತ ಕಡಿಮೆ ಅಂತ ಲೆಕ್ಕ ಹಾಕಿದ ಬಯಲಲ್ಲಿ ಅಲ್ಲಿನ ಮೂಲನಿವಾಸಿಗಳಾದ ಲಕೋಟಾ, ಶೈಯೆನ್, ಕೊಮಾಂಚಿ ಜನ ಬೈಸನ್ ಹಿಂದೆ ಓಡಾಡಿಕೊಂಡು ಬದುಕಿದ್ದರು. ಅವರನ್ನು ಗಣತಿ ಆ ಲೆಕ್ಕಕ್ಕೆ ಹಿಡಿಯಲಿಲ್ಲ. ಒಕ್ಕಲಂಚು ಅನ್ನಿ, ಏನೇ ಅನ್ನಿ. ಅದು ಬಂದವರ ಅಂಚು. ಅಲ್ಲಿದ್ದವರಿಗೆ ಅದು ಅಂಚಲ್ಲ, ನಡುಮನೆ.

ಚಿತ್ರದುರ್ಗದಿಂದ:

ಇದು ಸರಿ. ಒಕ್ಕಲಂಚು ನಾನೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಒಕ್ಕಲು ಬಿಡಬೇಡಿ. ಅದರಲ್ಲಿ ಬಂದು ನೆಲೆಸುವುದೂ ಇದೆ, ಒಕ್ಕಲೆಬ್ಬಿಸುವುದೂ ಇದೆ. ಎರಡೂ ಆ ಬಯಲಲ್ಲಿ ಒಟ್ಟಿಗೇ ನಡೆದವು.

ದಾವಣಗೆರೆಯಿಂದ:

ತೀರ್ಮಾನ ಮಾಡಿದ್ದೇನೆ. ಫ್ರಾಂಟಿಯರ್‌ಗೆ ಒಂದೇ ಪದ ಹುಡುಕುವುದು ಬಿಟ್ಟೆ, ವಾಕ್ಯದಲ್ಲೇ ಹೇಳುತ್ತೇನೆ. ಖರಾಬು ತೆಗೆದೆ. ಬದಲಿಗೆ ಬೀಳೂ ಇಲ್ಲ, ಪಾಳೂ ಇಲ್ಲ, 'ಕಾವಲು' ಅಂತಲೇ ಇಟ್ಟೆ. ಬರೆಯುವವರಿಗೆ ಕೊಡುವ ಸಾಲು ಇದು:

ಹುಲ್ಲುಬಯಲಿಗೆ ಒಕ್ಕಲು ಬಂದಾಗ. ಇಲ್ಲಿ ಮೊದಲೇ ಜನ ಇದ್ದರು, ದನವಿತ್ತು, ಹುಲ್ಲಿತ್ತು. ಹೊಸ ಒಕ್ಕಲಿನ ಅಂಚು ವರ್ಷ ವರ್ಷವೂ ಮುಂದೆ ಸರಿಯಿತು. ಬೇರುಹೆಂಟೆ ಒಡೆಯಿತು, ಮಣ್ಣು ಗಾಳಿಗೆ ಎದ್ದಿತು.

ಚಳ್ಳಕೆರೆ ಗೋಡೆಯ ಕೊನೆಗೆ ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿಯ, ಅಂದರೆ ನಾಲ್ಕು ಕೊಂಬಿನ ಹುಲ್ಲೆಯ ಚಿತ್ರ ಹಾಕುತ್ತಿದ್ದೇವೆ. ಕುರುಚಲು ಕಾಡು ಉಳಿದಿದ್ದಕ್ಕೆ ಅದೂ ಉಳಿದಿದೆ ಅಂತ ಮಕ್ಕಳೇ ಬರೆದಿದ್ದಾರೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಬಣ್ಣ ಕಲಸುತ್ತಾರೆ. ಅಷ್ಟರೊಳಗೆ ತಪ್ಪಿದ್ದರೆ ಹೇಳಿ.

ಹೊಳಲ್ಕೆರೆಯಿಂದ:

'ಒಕ್ಕಲಿನ' ಬೇಡ, 'ಒಕ್ಕಲ' ಅಂತ ಮಾಡಿ. ಉಳಿದದ್ದು ಸರಿಯಿದೆ. ಧಾತುವಿನ ಬಗ್ಗೆ ಬೇರೆಯಾಗಿ ಬರೆಯುತ್ತೇನೆ.