ಅಪ್‌ಡೇಟ್: ಕೆಲಸ ಬಿಡಬೇಕೇ ಎಂಬ ಪ್ರಶ್ನೆ ಬಗೆಹರಿದ ಬಗೆ

ಬೆಂಗಳೂರಿನಲ್ಲಿ ನಾಲ್ಕು ವರ್ಷಗಳಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೇನೆ, ಸಂಬಳ ಸಾಕಷ್ಟಿದ್ದರೂ ಮನಸ್ಸು ನಿಲ್ಲುತ್ತಿಲ್ಲ, ಬಿಡಲೇ ಎಂದು ಕಳೆದ ತಿಂಗಳು ನಿಮ್ಮನ್ನು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ನೌಕ್ರಿ ತಾಣದಲ್ಲಿ ರೆಸ್ಯೂಮೆ ಹೊಸದಾಗಿಸಿದಾಗ ಕರೆಗಳೇನೋ ಬಂದವು, ಆದರೆ ಎಲ್ಲವೂ ಇದೇ ಬಗೆಯ ಕೆಲಸಕ್ಕೆ. ಕೆಎಎಸ್ ಪರೀಕ್ಷೆಯ ಸಲಹೆ ನನಗೆ ಹೊಂದಲಿಲ್ಲ. ನಿಜವಾಗಿ ನೆರವಾದದ್ದು, ದಿನದ ಯಾವ ಹೊತ್ತು ಹಗುರವಾಗಿ ಸಾಗಿತು, ಯಾವುದು ಭಾರವಾಯಿತು ಎಂದು ಎರಡು ವಾರ ಬರೆದಿಡಿ ಎಂದವರ ಮಾತು. ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಎಂಬ ಸಂಶೋಧಕರು 1970ರ ದಶಕದಲ್ಲಿ ಗುರುತಿಸಿದ, ಕೆಲಸದಲ್ಲಿ ಮನಸ್ಸು ನಿಲ್ಲುವಂತೆ ಮಾಡುವ ಐದು ಗುಣಗಳನ್ನು, ಅಂದರೆ ಕೌಶಲಗಳ ವೈವಿಧ್ಯ, ಕೆಲಸವನ್ನು ಆದಿಯಿಂದ ಅಂತ್ಯದವರೆಗೆ ಮಾಡುವ ಅವಕಾಶ, ಇತರರ ಬದುಕಿಗೆ ಅದರಿಂದಾಗುವ ಪ್ರಯೋಜನ, ಸ್ವಾತಂತ್ರ್ಯ ಮತ್ತು ಫಲಿತಾಂಶದ ಅರಿವನ್ನು, ಆ ಟಿಪ್ಪಣಿಗಳ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಕೊರತೆಯಾಗಿದ್ದುದು ಕೊನೆಯದು ಎಂದು ತಿಳಿಯಿತು. ನಾನು ಪರೀಕ್ಷಿಸಿದ ತಂತ್ರಾಂಶವನ್ನು ಯಾರು ಬಳಸುತ್ತಾರೆ ಎಂಬುದೇ ನನಗೆ ಕಾಣುತ್ತಿರಲಿಲ್ಲ.

ಇದನ್ನು ಮ್ಯಾನೇಜರ್ ಅವರಿಗೆ ವಿವರಿಸಿ, ಅದೇ ಕಂಪನಿಯಲ್ಲಿ ಗ್ರಾಹಕರಿಗೆ ತರಬೇತಿ ಕೊಡುವ ತಂಡಕ್ಕೆ ಬಂದಿದ್ದೇನೆ. ಸಂಬಳ ಒಂದು ರೂಪಾಯಿಯೂ ಹೆಚ್ಚಿಲ್ಲ. ಆದರೆ ಕಳೆದ ವಾರ ಆಸ್ಪತ್ರೆಯೊಂದರ ಬಿಲ್ಲಿಂಗ್ ಸಿಬ್ಬಂದಿ ತಮ್ಮ ತೊಂದರೆಗಳನ್ನು ಎದುರಿಗೆ ಕುಳಿತು ಹೇಳಿದರು, ಅವುಗಳಲ್ಲಿ ಎರಡನ್ನು ನಾವು ಅಂದೇ ಸರಿಪಡಿಸಿದೆವು.